ಟಕ್ ಅಂದು ಸುಮ್ಮನಾದ ಸೆಲ್ಫ್

ನಮ್ಮ ಮನೆ ಆಲ್ದೂರಿನ ಹತ್ತಿರ. ಅಂಗಳದಿಂದ ರಸ್ತೆಗೆ ಇಳಿಯುವ ದಾರಿ ಚೆನ್ನಾಗಿ ಇಳಿಜಾರಿದೆ. ಒಂದು ಕೊಯ್ಲಿನ ಕಾಲವಿಡೀ ನನ್ನ ಕಾರು ಆ ಇಳಿಜಾರಿನ ತಲೆಯಲ್ಲೇ ನಿಲ್ಲುತ್ತಿತ್ತು. ಯಾಕೆಂದರೆ ಅದರ ಸೆಲ್ಫ್, ಅಂದರೆ ಕೀ ತಿರುಗಿಸಿದಾಗ ಇಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್, ಕೈಕೊಡುತ್ತಿತ್ತು. ಶೆಡ್ಡು ಖಾಲಿ. ಮೂತಿ ರಸ್ತೆ ಕಡೆಗೆ, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಕ್ಕೆ ಒಂದು ಕಲ್ಲು. ಬೆಳಿಗ್ಗೆ ಅಮ್ಮ ಕಲ್ಲು ಸರಿಸಿ ಪಕ್ಕಕ್ಕೆ ಹೋಗುತ್ತಿದ್ದರು. ನಾನು ಕೀ ಆನ್ ಮಾಡಿ, ಕ್ಲಚ್ ಒತ್ತಿ, ಸೆಕೆಂಡ್ ಗೇರಿಗೆ ಹಾಕಿ ಬ್ರೇಕ್ ಬಿಡುತ್ತಿದ್ದೆ. ಹಲಸಿನ ಮರ ದಾಟುವ ಹೊತ್ತಿಗೆ ಕ್ಲಚ್ ಬಿಟ್ಟರೆ ಒಂದು ಜಗ್ಗು, ಇಂಜಿನ್ ಸ್ಟಾರ್ಟ್.

ಮಲೆನಾಡಿನಲ್ಲಿ ಹೀಗೆ ಇಳಿಜಾರು ನೋಡಿ ಗಾಡಿ ನಿಲ್ಲಿಸುವವರು ನಾನೊಬ್ಬಳೇ ಅಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಇಂಜಿನ್ ಓಡದೆ ಇರುವಾಗ ಪವರ್ ಸ್ಟೀರಿಂಗ್ ಕೆಲಸ ಮಾಡುವುದಿಲ್ಲ. ಬ್ರೇಕ್ ಒಂದೆರಡು ಸಲ ಒತ್ತಿದ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಕೀ ಪೂರ್ತಿ ಆಫ್ ಆಗಿದ್ದರೆ ಸ್ಟೀರಿಂಗೇ ಲಾಕ್ ಆಗಬಹುದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ದಾರಿಯಲ್ಲಿ ಇದು ಆಟವಲ್ಲ. ಆಟೋಮ್ಯಾಟಿಕ್ ಗೇರಿನ ಕಾರಿಗಂತೂ ಈ ಉಪಾಯ ನಡೆಯುವುದೇ ಇಲ್ಲ. ನಾನು ಮಾಡಿದ್ದು ಬೇರೆ ದಾರಿ ಇಲ್ಲದೆ. ಆ ದಾರಿ ಎಲ್ಲಿತ್ತು ಅಂತ ತಿಳಿದುಕೊಳ್ಳಲು ಎರಡು ವರ್ಷ ಹಿಡಿಯಿತು.

ನನ್ನದು 2011ರ ಸಣ್ಣ ಪೆಟ್ರೋಲ್ ಕಾರು. ಚಿಕ್ಕಮಗಳೂರಿಗೆ ಕೆಲಸಕ್ಕೆ ದಿನಾ ಹೋಗಿ ಬರುವುದು ಅದರಲ್ಲೇ. ಅಮ್ಮನ ಕಣ್ಣಿನ ಆಸ್ಪತ್ರೆಗೂ ಅದೇ, ಸಂತೆಗೂ ಅದೇ.

ಮೊದಲ ತೊಂದರೆ ಶುರುವಾಗಿದ್ದು 2023ರ ಜುಲೈಯಲ್ಲಿ. ಜಡಿಮಳೆ. ಕೀ ತಿರುಗಿಸಿದರೆ ಇಂಜಿನ್ ಮೈ ಹುಷಾರಿಲ್ಲದವರ ಹಾಗೆ "ಹೂಂ… ಹೂಂ… ಹೂಂ…" ಅಂತ ನಿಧಾನಕ್ಕೆ ತಿರುಗಿ, ಕೊನೆಗೆ ಹೇಗೋ ಹತ್ತಿಕೊಳ್ಳುತ್ತಿತ್ತು. ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದೆ. ಬಾನೆಟ್ ಎತ್ತಿ ನೋಡಿದವರು ವೋಲ್ಟ್ ನೋಡುವ ಮೀಟರ್ ಕೂಡ ಹಿಡಿಯಲಿಲ್ಲ. "ಬ್ಯಾಟರಿ ಹೋಗಿದೆ ಮೇಡಂ" ಅಂದರು. ಹೊಸ ಬ್ಯಾಟರಿ ಹಾಕಿಸಿದೆ, 3,800 ರೂಪಾಯಿ. ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಮತ್ತೆ ಅದೇ ಹೂಂಕಾರ. ಹಳೆ ಬ್ಯಾಟರಿಯನ್ನು ಅಷ್ಟರಲ್ಲಿ ಅವರಿಗೇ ಕೊಟ್ಟಾಗಿತ್ತು. ಆ ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಯಾರೂ ಪರೀಕ್ಷೆ ಮಾಡಿ ನೋಡಲಿಲ್ಲವಲ್ಲ ಅಂತ.

ಆಮೇಲೆ ನಮ್ಮ ಪಕ್ಕದ ತೋಟದವರು ಉಪ್ಪಳ್ಳಿ ಕಡೆ ಒಬ್ಬರಿದ್ದಾರೆ, ಬರೀ ಸೆಲ್ಫ್ ಮತ್ತು ಡೈನಮೋ ಕೆಲಸ ಮಾಡುತ್ತಾರೆ, ಅಲ್ಲಿಗೆ ಹೋಗಿ ಅಂದರು. ಎಲ್ಲರೂ ಅವರನ್ನು ಭಾಯಿ ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಒಂದು ಕಾರು ನಿಲ್ಲುವಷ್ಟು ಜಾಗ. ಗೋಡೆಗೆ ಹಳೇ ಆರ್ಮೇಚರ್‌ಗಳನ್ನು, ಅಂದರೆ ಮೋಟರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗಗಳನ್ನು, ಬಾಳೆಗೊನೆ ತೂಗುಹಾಕಿದ ಹಾಗೆ ತೂಗುಹಾಕಿದ್ದಾರೆ.

ಭಾಯಿ ಮೊದಲು ಬ್ಯಾಟರಿ ನೋಡಿದರು. ಸುಮ್ಮನಿರುವಾಗ 12.6 ವೋಲ್ಟ್. "ಫುಲ್ ಇದೆ ಅಕ್ಕ. ಸೆಲ್ಫ್ ಹೊಡೀರಿ" ಅಂದರು. ಹೊಡೆದೆ. ಮೀಟರ್ ಹತ್ತೂವರೆಗೆ ಇಳಿಯಿತು. ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಹೋಗದಿದ್ದರೆ ಬ್ಯಾಟರಿ ಸರಿ ಇದೆ ಅಂತ ಲೆಕ್ಕ. ಆಮೇಲೆ ಅವರು ಮಾಡಿದ ಕೆಲಸ ನನಗೆ ಆವತ್ತು ಅರ್ಥವಾಗಿರಲಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಇಟ್ಟರು. ಇನ್ನೊಂದನ್ನು ಇಂಜಿನ್ನಿನ ಮೈಗೆ, ಬಣ್ಣವಿಲ್ಲದ ಜಾಗದಲ್ಲಿ ಒತ್ತಿ ಹಿಡಿದರು. "ಇನ್ನೊಂದ್ಸಲ ಹೊಡೀರಿ." ಮೀಟರ್ 1.3 ತೋರಿಸಿತು.

"ನೋಡಿ, ಇದೇ ಕಳ್ಳ" ಅಂದರು.

ವಿಷಯ ಇಷ್ಟೇ. ಸೆಲ್ಫ್ ಹೊಡೆದಾಗ ಸಣ್ಣ ಪೆಟ್ರೋಲ್ ಕಾರಿನಲ್ಲೂ ನೂರು ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಹರಿಯುತ್ತದೆ. ಅಷ್ಟೂ ಕರೆಂಟ್ ಪ್ಲಸ್ ವೈರಿನಲ್ಲಿ ಹೋಗಿ, ಇಂಜಿನ್ನಿನ ಮೈಯಿಂದ ಅರ್ಥ್ ವೈರಿನಲ್ಲೇ ಬ್ಯಾಟರಿಗೆ ವಾಪಸ್ ಬರಬೇಕು. ದಾರಿಯಲ್ಲಿ ಎಲ್ಲಾದರೂ ತುಕ್ಕು, ಕಿಲುಬು ಇದ್ದರೆ ವೋಲ್ಟು ಅಲ್ಲೇ ಕರಗಿ ಬಿಸಿಯಾಗಿಬಿಡುತ್ತದೆ. ಆ ಜಾಗದಲ್ಲಿ 0.2, 0.3 ವೋಲ್ಟ್ ಬಿದ್ದರೆ ಪರವಾಗಿಲ್ಲ. ನಮ್ಮದರಲ್ಲಿ 1.3. ಹಾರ್ನ್ ಹೊಡೆಯುತ್ತದೆ, ಲೈಟ್ ಉರಿಯುತ್ತದೆ, ಯಾಕೆಂದರೆ ಅವಕ್ಕೆ ಬೇಕಿರುವುದು ಸ್ವಲ್ಪ ಕರೆಂಟ್. ಸೆಲ್ಫ್ ಮಾತ್ರ ಒದ್ದಾಡುತ್ತದೆ.

ಗೇರ್‌ಬಾಕ್ಸಿನ ಮೇಲೆ ಅರ್ಥ್ ವೈರ್ ಕೂರುವ ಬೋಲ್ಟ್ ಬಿಚ್ಚಿದರು. ವೈರಿನ ಕಿವಿಯ ಕೆಳಗೆ ಹಸಿರು ಪುಡಿ, ಅದರ ಕೆಳಗೆ ಕೆಂಪು ತುಕ್ಕು. ನಮ್ಮ ರಸ್ತೆಯ ಕೆಸರು ನೀರು ಅಲ್ಲಿ ಎಷ್ಟು ಮಳೆಗಾಲ ಕೂತಿತ್ತೋ. ವೈರ್ ಬ್ರಷ್‌ನಲ್ಲಿ ಉಜ್ಜಿ ಉಜ್ಜಿ ಬಿಳಿ ಲೋಹ ಕಾಣಿಸಿದ ಮೇಲೆ ಬಿಗಿದು, ಮೇಲಿಂದ ವ್ಯಾಸಲಿನ್ ಸವರಿದರು. ಮತ್ತೆ ಮೀಟರ್ ಹಿಡಿದಾಗ 0.15. ಕೀ ತಿರುಗಿಸಿದರೆ ಅರ್ಧ ಸೆಕೆಂಡಿಗೆ ಸ್ಟಾರ್ಟ್. ತೆಗೆದುಕೊಂಡಿದ್ದು 200 ರೂಪಾಯಿ.

ಮನೆಗೆ ಬರುವ ಮುಂಚೆ ನಾನೂ ಒಂದು ಮೀಟರ್ ಕೊಂಡೆ. ವರ್ಷಕ್ಕೊಮ್ಮೆ, ಮಳೆ ಬಿಟ್ಟ ಮೇಲೆ, ಎರಡೂ ಟರ್ಮಿನಲ್ ಮತ್ತು ಆ ಅರ್ಥ್ ಬೋಲ್ಟ್ ಉಜ್ಜುವುದನ್ನು ಅಂದಿನಿಂದ ತಪ್ಪಿಸಿಲ್ಲ.

ಎರಡನೇ ಕಥೆ ಬೇರೆ. 2024ರ ನವೆಂಬರ್, ಅರೇಬಿಕಾ ಕೊಯ್ಲು ಶುರುವಾಗಿತ್ತು. ಈ ಸಲ ನಿಧಾನವಾಗಿ ತಿರುಗುವುದಿಲ್ಲ. ಕೀ ತಿರುಗಿಸಿದರೆ ಒಂದೇ ಒಂದು "ಟಕ್", ಆಮೇಲೆ ಮೌನ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. "ಟಕಟಕಟಕ" ಅಂತ ಮಿಷನ್ ಹೊಡೆದ ಹಾಗೆ ಬಂದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ ಅಂತ ಆ ಹೊತ್ತಿಗೆ ಕಲಿತಿದ್ದೆ. ಇದು ಆ ಸದ್ದಲ್ಲ. ಮೀಟರ್ ಇಟ್ಟು ನೋಡಿದೆ. "ಟಕ್" ಅಂದಾಗ ಬ್ಯಾಟರಿ 12.5ರಿಂದ ಸ್ವಲ್ಪವೇ ಅಲುಗಿತು, ಅಷ್ಟೇ. ಅಂದರೆ ದೊಡ್ಡ ಕರೆಂಟ್ ಹರಿಯುತ್ತಲೇ ಇಲ್ಲ. ಬ್ಯಾಟರಿ ಕೊಡಲು ತಯಾರಿದೆ, ಮೋಟರ್ ತೆಗೆದುಕೊಳ್ಳುತ್ತಿಲ್ಲ.

ಇಷ್ಟು ಗೊತ್ತಿದ್ದೂ ಕೊಯ್ಲಿನ ಗಡಿಬಿಡಿಯಲ್ಲಿ ಮುಂದೂಡಿದೆ. ಇಳಿಜಾರು ಇತ್ತಲ್ಲ. ಜನವರಿ ಕೊನೆಯಲ್ಲಿ ಒಂದು ಸಂಜೆ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಆಸ್ಪತ್ರೆಯ ಅಂಗಳ ಚಪ್ಪಟೆ. ಹೊರಗೆ ಬಂದು ಕೀ ತಿರುಗಿಸಿದರೆ ಟಕ್. ಹತ್ತು ಸಲವೂ ಟಕ್. ಅಮ್ಮನ ಕಣ್ಣಿಗೆ ಔಷಧಿ ಹಾಕಿದ್ದರು, ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಸೀಟಿನಲ್ಲಿ ಕೂತು "ಏನಾಯ್ತು ಮಗಾ, ಹೋಗೋಣ್ವಾ?" ಅಂತ ಕೇಳುತ್ತಲೇ ಇದ್ದರು. ಕೊನೆಗೆ ಅಲ್ಲಿದ್ದ ಆಟೋದವರು ಮೂವರು ಸೇರಿ ತಳ್ಳಿದರು. ಒಬ್ಬರು ಸೆಲ್ಫಿಗೆ ಕಲ್ಲಿನಲ್ಲಿ ಎರಡು ಏಟು ಹಾಕೋಣ ಅಂದರು, ಜಾಗ ಸಿಗದೆ ಬಿಟ್ಟರು. ಸಿಗದಿದ್ದದ್ದು ಒಳ್ಳೆಯದಾಯಿತು ಅಂತ ಮಾರನೇ ದಿನ ಭಾಯಿ ಹೇಳಿದರು. ಹಳೇ ಸೆಲ್ಫುಗಳಲ್ಲಿ ಒಳಗೆ ಅಯಸ್ಕಾಂತದ ಬದಲು ತಂತಿಯ ಕಾಯಿಲ್ ಇರುತ್ತಿತ್ತು, ಮೆತ್ತಗೆ ತಟ್ಟಿದರೆ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು ಕೂತುಕೊಂಡು ಒಂದು ಸಲ ತಿರುಗುತ್ತಿತ್ತು. ಈಗಿನ ಸಣ್ಣ ಸೆಲ್ಫುಗಳಲ್ಲಿ ಸುಮಾರು ಪಾಲು ಅಯಸ್ಕಾಂತದ ಚೂರುಗಳನ್ನು ಅಂಟಿಸಿರುತ್ತಾರೆ. ಜೋರಾಗಿ ಹೊಡೆದರೆ ಅವು ಬಿರುಕು ಬಿಡುತ್ತವೆ.

ಆ ದಿನ ರಜೆ ಹಾಕಿ ಭಾಯಿಯ ಅಂಗಡಿಯಲ್ಲೇ ಕೂತೆ. ಅವರು ಸೆಲ್ಫ್ ಇಳಿಸಿ ಬೆಂಚಿನ ಮೇಲೆ ಬಿಚ್ಚಿದ್ದನ್ನು ಪೂರ್ತಿ ನೋಡಿದೆ.

ಕೈಗೆ ಬಂದಾಗ ಅದು ತೆಂಗಿನಕಾಯಿಗಿಂತ ಸ್ವಲ್ಪ ಉದ್ದ, ಆದರೆ ಕಬ್ಬಿಣದ ಭಾರ. ಹೊಟ್ಟೆಯ ಮೇಲೆ ಇನ್ನೊಂದು ಸಣ್ಣ ಡಬ್ಬಿ ಕೂತಿರುತ್ತದೆ. ಅದಕ್ಕೆ ಪುಸ್ತಕದಲ್ಲಿ ಸೊಲೆನಾಯ್ಡ್ ಅನ್ನುತ್ತಾರೆ, ಅಂಗಡಿಯಲ್ಲಿ ಸ್ವಿಚ್. ಕೀ ತಿರುಗಿಸಿದಾಗ ತೆಳು ವೈರಿನಲ್ಲಿ ಕರೆಂಟ್ ಬಂದು ಆ ಸ್ವಿಚ್ಚಿನೊಳಗಿನ ಕಬ್ಬಿಣದ ಗೂಟ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದರಿಂದ ಒಟ್ಟಿಗೆ ಎರಡು ಕೆಲಸ ಆಗುತ್ತದೆ. ಒಂದು ಕಡೆ ಸನ್ನೆಕೋಲು ಪುಟ್ಟ ಹಲ್ಲುಚಕ್ರವನ್ನು ಮುಂದಕ್ಕೆ ದೂಡಿ ಇಂಜಿನ್ನಿನ ಜೊತೆ ತಿರುಗುವ ದೊಡ್ಡ ಚಕ್ರದ, ಅಂದರೆ ಫ್ಲೈವೀಲಿನ, ಹಲ್ಲಿಗೆ ಕೂರಿಸುತ್ತದೆ. ಇನ್ನೊಂದು ಕಡೆ ಗೂಟದ ತುದಿಯ ತಾಮ್ರದ ಬಿಲ್ಲೆ ಎರಡು ದಪ್ಪ ತಾಮ್ರದ ತಲೆಗಳಿಗೆ ಅಂಟಿಕೊಂಡು ದೊಡ್ಡ ಕರೆಂಟಿಗೆ ಬಾಗಿಲು ತೆರೆಯುತ್ತದೆ. ನಾವು ಕೇಳುವ "ಟಕ್" ಈ ಗೂಟದ್ದು. ಟಕ್ ಬಂದು ಮೋಟರ್ ತಿರುಗದಿದ್ದರೆ ಹಲವು ಸಲ ತಾಮ್ರದ ಬಾಗಿಲು ಸುಟ್ಟಿರುತ್ತದೆ, ಇಲ್ಲವೇ ಒಳಗೆ ಕಾರ್ಬನ್ ಸವೆದಿರುತ್ತದೆ. ನಮ್ಮದರಲ್ಲಿ ಎರಡೂ ಆಗಿತ್ತು.

ಸ್ವಿಚ್ಚಿನ ಹಿಂದಿನ ಮುಚ್ಚಳದ ಬೆಸುಗೆ ಕರಗಿಸಿ ತೆಗೆದು ತೋರಿಸಿದರು. ತಾಮ್ರದ ತಲೆಗಳಲ್ಲಿ ಒಂದು ಕಡೆ ಉಗುರು ಕಚ್ಚಿದಷ್ಟು ಅರ್ಧಚಂದ್ರದ ಗುಳಿ, ಸುತ್ತ ಕಪ್ಪು. "ಇದನ್ನ ಅರ್ಧ ಸುತ್ತು ತಿರುಗಿಸಿ ಹಾಕಿದ್ರೆ ಹೊಸ ಮುಖ ಸಿಗುತ್ತೆ ಅಕ್ಕ. ಆದ್ರೆ ಬಿಲ್ಲೆನೂ ಸುಟ್ಟಿದೆ. ಅಮ್ಮನ್ನ ಕರ್ಕೊಂಡು ಓಡಾಡೋರು ನೀವು, ಹೊಸ ಸ್ವಿಚ್ಚೇ ಹಾಕ್ಲಾ?" ಅಂತ ಕೇಳಿದರು. ಹಾಕಿ ಅಂದೆ.

ಕಾರ್ಬನ್ ನಾಲ್ಕು. ಸಣ್ಣ ಕಪ್ಪು ಇಟ್ಟಿಗೆ ಹಾಗಿರುತ್ತವೆ, ಬೆನ್ನಿಗೆ ಸ್ಪ್ರಿಂಗ್. ಹೊಸದರ ಪಕ್ಕ ನಮ್ಮದನ್ನು ಇಟ್ಟರೆ ಅರ್ಧವೂ ಇರಲಿಲ್ಲ. ಒಂದು ಮಾತ್ರ ಇನ್ನೂ ಗಿಡ್ಡ. ಅದರ ಸ್ಪ್ರಿಂಗಿಗೆ ಒತ್ತಲು ಏನೂ ಉಳಿದಿರಲಿಲ್ಲ. ಅದು ಮುಟ್ಟಿದ ದಿನ ಸ್ಟಾರ್ಟ್, ಮುಟ್ಟದ ದಿನ ಟಕ್. ಮೂರು ತಿಂಗಳ ನನ್ನ ಒದ್ದಾಟ ಅಂಗೈಯಲ್ಲಿ ಕೂರುವ ಆ ಕರಿ ಚೂರಿನಲ್ಲಿತ್ತು.

ಆರ್ಮೇಚರಿನ ತುದಿಯಲ್ಲಿ ತಾಮ್ರದ ಪಟ್ಟಿಗಳನ್ನು ಸುತ್ತಲೂ ಜೋಡಿಸಿರುತ್ತಾರೆ, ಅದರ ಮೇಲೆ ಕಾರ್ಬನ್ ಉಜ್ಜುತ್ತದೆ. ಅದಕ್ಕೆ ಕಮ್ಯುಟೇಟರ್ ಅನ್ನುತ್ತಾರೆ. ಪಟ್ಟಿಗಳ ನಡುವಿನ ಸಂದಿ ತುಂಬ ಕಾರ್ಬನ್ ಪುಡಿ. ಭಾಯಿ ಹ್ಯಾಕ್ಸಾ ಬ್ಲೇಡಿನ ಒಂದು ತುಂಡು ತೆಗೆದುಕೊಂಡು ಒಂದೊಂದೇ ಸಂದಿಯನ್ನು ಕೆರೆದರು. ಅಜ್ಜಿ ಸೌತೆಬೀಜ ಬಿಡಿಸುವಷ್ಟು ತಾಳ್ಮೆ. ಆಮೇಲೆ ನಯವಾದ ಮರಳು ಕಾಗದ ಸುತ್ತಿ ತಿರುಗಿಸಿ ಹೊಳಪು ತಂದರು. ಎಮರಿ ಕಾಗದ ಬೇಡ ಅಂದರು, ಯಾಕೆ ಅಂತ ಕೇಳಿದೆ. ಅದರ ಪುಡಿ ಕರೆಂಟ್ ಹರಿಸುತ್ತದಂತೆ, ಸಂದಿಯಲ್ಲಿ ಕೂತರೆ ಪಟ್ಟಿ ಪಟ್ಟಿ ಶಾರ್ಟ್ ಆಗುತ್ತದೆ. ತಾಮ್ರ ಮಾತ್ರ ತೆಳ್ಳಗಾಗಿತ್ತು. "ಯಾರೋ ಮುಂಚೆ ಒಂದ್ಸಲ ಲೇತ್ ಹಿಡಿಸಿದ್ದಾರೆ. ಇನ್ನೊಂದ್ಸಲ ತಡೆಯಲ್ಲ" ಅಂದರು. ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್, ಗೊತ್ತಿರಲಿಲ್ಲ.

ಆರ್ಮೇಚರಿನ ದಂಡ ಕೂರುವ ಹಿತ್ತಾಳೆ ಬಣ್ಣದ ಬುಷ್ ಕೂಡ ಸಡಿಲವಾಗಿತ್ತು. ಹೊಸ ಬುಷ್‌ಗಳನ್ನು ಅವರು ಹಿಂದಿನ ರಾತ್ರಿಯೇ ಒಂದು ಡಬ್ಬಿಯಲ್ಲಿ ಇಂಜಿನ್ ಆಯಿಲ್ ಹಾಕಿ ನೆನೆಸಿಟ್ಟಿರುತ್ತಾರೆ. ನಾವು ಕಡಲೆ ನೆನೆಹಾಕಿದ ಹಾಗೆ. ಆ ಲೋಹದಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಆಯಿಲ್ ಕುಡಿದುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತದೆ.

ಅಂಗಡಿಯ ಹುಡುಗ ಹಲ್ಲುಚಕ್ರದ ಭಾಗವನ್ನು ಪೆಟ್ರೋಲಿನಲ್ಲಿ ಅದ್ದಲು ಹೋದ. ಭಾಯಿ ಅಲ್ಲಿಂದಲೇ ಗದರಿದರು. ಅದರೊಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇದೆ. ಅದರ ಗ್ರೀಸ್ ಕಂಪನಿಯಲ್ಲೇ ತುಂಬಿ ಮುಚ್ಚಿದ್ದು, ಪೆಟ್ರೋಲ್ ಹೋದರೆ ತೊಳೆದುಹೋಗುತ್ತದೆ. ಬಟ್ಟೆಯಲ್ಲಿ ಒರೆಸಬೇಕು, ಅಷ್ಟೇ. ಈ ಕ್ಲಚ್ಚಿನ ಕೆಲಸ ಕೇಳಿ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಪುಟ್ಟ ಚಕ್ರಕ್ಕೆ ಎಂಟೊಂಬತ್ತು ಹಲ್ಲು, ಫ್ಲೈವೀಲಿಗೆ ನೂರರ ಹತ್ತಿರ. ಸೆಲ್ಫ್ ಸುಮಾರು ಹತ್ತು ಹನ್ನೊಂದು ಸುತ್ತು ತಿರುಗಿದರೆ ಇಂಜಿನ್ ಒಂದು ಸುತ್ತು. ಇಂಜಿನ್ ಹತ್ತಿಕೊಂಡ ಕ್ಷಣ ಲೆಕ್ಕ ತಿರುಗುಮುರುಗು. ಇಂಜಿನ್ ನಿಮಿಷಕ್ಕೆ 2,000 ಸುತ್ತಿಗೆ ಹೋದರೆ ಪುಟ್ಟ ಚಕ್ರ 20,000ಕ್ಕೂ ಮೇಲೆ ಓಡಬೇಕು. ಆರ್ಮೇಚರೂ ಅದರ ಜೊತೆ ಓಡಿದರೆ ತಂತಿ ಚೆಲ್ಲಾಪಿಲ್ಲಿ. ಆಗ ಈ ಕ್ಲಚ್ ಕೈ ಬಿಡುತ್ತದೆ. ಸ್ಟಾರ್ಟ್ ಆದ ಮೇಲೂ ಕೀ ಹಿಡಿದುಕೊಂಡೇ ಇರುವವರು ಈ ಬಡ ಕ್ಲಚ್ಚನ್ನು ಸುಮ್ಮನೆ ಸವೆಸುತ್ತಾರೆ.

ನಮ್ಮ ತಾತನ ಜೀಪಿಗೆ ಮುಂದೆ ಹ್ಯಾಂಡಲ್ ಹಾಕುವ ತೂತಿತ್ತು. ಹೆಬ್ಬೆರಳನ್ನು ಬೇರೆ ಬೆರಳುಗಳ ಕಡೆಗೇ ಇಟ್ಟು ಹಿಡಿಯಬೇಕು, ಸುತ್ತಿ ಹಿಡಿದರೆ ಹ್ಯಾಂಡಲ್ ಹಿಂದಕ್ಕೆ ಒದ್ದಾಗ ಮುರಿಯುತ್ತದೆ ಅಂತ ತಾತ ಹೇಳುತ್ತಿದ್ದರು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬುವರು ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಕಾರು ಓಡಿಸಲು ತೋಳಿನ ಬಲ ಬೇಕಾಗಿದ್ದ ಕಾಲ ಅಲ್ಲಿಂದ ಮುಗಿಯುತ್ತಾ ಬಂತು. ನನ್ನಂಥ ಹೆಂಗಸು ಒಬ್ಬಳೇ ಬೆಳಗಿನ ಮಂಜಿನಲ್ಲಿ ಕಾರು ತೆಗೆದು ಪೇಟೆಗೆ ಹೋಗುವುದಕ್ಕೂ ಆ ಮೋಟರಿಗೂ ಸಂಬಂಧವಿದೆ ಅಲ್ವಾ. ಆವತ್ತು ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ ಅದನ್ನು ನೋಡುವಾಗ ಅದರ ಮೇಲೆ ಪ್ರೀತಿಯೇ ಬಂತು.

ಜೋಡಿಸಿದ ಮೇಲೆ ವೈಸ್‌ಗೆ ಬಿಗಿಯಾಗಿ ಕಚ್ಚಿಸಿ ಬ್ಯಾಟರಿ ಕೊಟ್ಟು ನೋಡಿದರು. ಕಚ್ಚಿಸದೆ ಕೊಟ್ಟರೆ ಬೆಂಚಿನಿಂದ ಹಾರುತ್ತದೆ, ಅಷ್ಟು ಒದೆತ. ಕಾರ್ಬನ್, ಸ್ವಿಚ್, ಬುಷ್, ಕೂಲಿ ಎಲ್ಲ ಸೇರಿ 1,650 ರೂಪಾಯಿ. ಅಂದು ಸಂಜೆ ಕಾರು ಶೆಡ್ಡಿಗೆ ಹೋಯಿತು.

ಆರು ತಿಂಗಳು ಯಾವ ತಕರಾರೂ ಇಲ್ಲ. 2025ರ ಆಗಸ್ಟಿನಲ್ಲಿ ಹೊಸ ಸದ್ದು. ಕೀ ತಿರುಗಿಸಿದರೆ "ಗಿರ್ರ್" ಅಂತ ಮೋಟರ್ ಮಾತ್ರ ಜೋರಾಗಿ ತಿರುಗುತ್ತದೆ, ಇಂಜಿನ್ ಅಲುಗುವುದಿಲ್ಲ. ಭಾಯಿಗೆ ಫೋನ್ ಮಾಡಿ ಸದ್ದು ಕೇಳಿಸಿದೆ. ಸೆಲ್ಫಿನೊಳಗಿನ ಆ ಕ್ಲಚ್ ಜಾರುತ್ತಿದೆ ಅಂದರು. ಕ್ಲಚ್ ಒಂದೇ ಹಾಕಬಹುದು, ಆದರೆ ಕಮ್ಯುಟೇಟರ್ ತೆಳ್ಳಗಿದೆ, ಅದಕ್ಕೆ ಇನ್ನು ದುಡ್ಡು ಹಾಕಬೇಡಿ, ಹೊಸ ಸೆಲ್ಫೇ ಹಾಕಿ ಅಂದರು. ರಿಪೇರಿ ಮಾಡಿ ಬಣ್ಣ ಹೊಡೆದದ್ದು ಕಮ್ಮಿಗೆ ಸಿಗುತ್ತಿತ್ತು. ಒಳಗೆ ಏನು ಹಾಕಿದ್ದಾರೆ ಅಂತ ಹೊರಗಿಂದ ಕಾಣುವುದಿಲ್ಲವಲ್ಲ, ನನಗೆ ಮನಸ್ಸಾಗಲಿಲ್ಲ. ಎಂ.ಜಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಹೊಸದು ತಂದೆ, 4,600 ರೂಪಾಯಿ.

ಭಾನುವಾರ ನಾನೂ ತಮ್ಮನೂ ಸೇರಿ ಶೆಡ್ಡಿನಲ್ಲೇ ಬದಲಾಯಿಸಿದೆವು. ಹೊರಗೆ ಧೋ ಮಳೆ. ಮೊದಲ ಕೆಲಸ ಬ್ಯಾಟರಿಯ ಮೈನಸ್ ಬಿಚ್ಚುವುದು. ಸೆಲ್ಫಿನ ದಪ್ಪ ವೈರಿನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇದ್ದೇ ಇರುತ್ತದೆ. ಸ್ಪ್ಯಾನರ್ ಅಲ್ಲಿಂದ ಇಂಜಿನ್ ಮೈಗೆ ತಾಗಿದರೆ ಬೆಂಕಿ ಕಿಡಿಯಲ್ಲಿ ಕೈಯೇ ಸುಡುತ್ತದೆ. ಆಮೇಲೆ ದಪ್ಪ ವೈರಿನ ನಟ್, ತೆಳು ವೈರಿನ ಕ್ಲಿಪ್. ಕೊನೆಗೆ ಗೇರ್‌ಬಾಕ್ಸಿಗೆ ಹಿಡಿದ ಎರಡು ಬೋಲ್ಟ್. ಕೆಳಗಿನ ಬೋಲ್ಟ್ ಅರ್ಧ ಗಂಟೆ ಕಾಡಿತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಫಿ ಕುಡಿದು ಬಂದ ಮೇಲೆ ಬಿಟ್ಟುಕೊಟ್ಟಿತು.

ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ಹಲ್ಲು ಎಣಿಸಿದೆವು, ಎರಡರಲ್ಲೂ ಒಂಬತ್ತು. ಬೋಲ್ಟ್ ತೂತಿನ ಅಂತರ, ಮೂತಿಯ ಉದ್ದ ಎಲ್ಲ ನೋಡಿದೆವು. ಸೆಲ್ಫ್ ತೆಗೆದ ತೂತಿನಿಂದ ಟಾರ್ಚ್ ಬಿಟ್ಟರೆ ಫ್ಲೈವೀಲಿನ ಹಲ್ಲು ಕಾಣುತ್ತದೆ. ತಮ್ಮ ಟಾಪ್ ಗೇರಿನಲ್ಲಿ ಕಾರನ್ನು ಒಂಚೂರು ಒಂಚೂರೇ ತಳ್ಳಿದ, ನಾನು ಪೂರ್ತಿ ಒಂದು ಸುತ್ತು ಹಲ್ಲು ನೋಡಿದೆ. ಎರಡು ಕಡೆ ತುದಿ ಸ್ವಲ್ಪ ಸವೆದಿತ್ತು, ಮುರಿದಿದ್ದು ಒಂದೂ ಇಲ್ಲ. ಅದು ಮುರಿದಿದ್ದರೆ ಗೇರ್‌ಬಾಕ್ಸ್ ಇಳಿಸುವ ದೊಡ್ಡ ಕೆಲಸ.

ಹೊಸ ಸೆಲ್ಫ್ ಕೂರಿಸುವ ಮುಂಚೆ ತಮ್ಮ ಅವಸರ ಮಾಡಿದ. ನಾನು ತಡೆದೆ. ಸೆಲ್ಫಿಗೆ ಬೇರೆ ಅರ್ಥ್ ವೈರ್ ಇಲ್ಲ. ಅದರ ಮೈ ಗೇರ್‌ಬಾಕ್ಸಿಗೆ ತಾಗುವ ಜಾಗವೇ ಅರ್ಥ್. ಎರಡು ಮಳೆಗಾಲದ ಹಿಂದೆ ಆ ಹಸಿರು ಪುಡಿ ನೋಡಿದವಳು ನಾನು. ಗೇರ್‌ಬಾಕ್ಸಿನ ಮುಖವನ್ನು ವೈರ್ ಬ್ರಷ್‌ನಲ್ಲಿ ಹೊಳೆಯುವಷ್ಟು ಉಜ್ಜಿ, ಹೊಸದರ ಮುಖದಲ್ಲಿ ಅಂಟಿದ್ದ ಬಣ್ಣದ ತೊಟ್ಟನ್ನೂ ಕೆರೆದು, ಆಮೇಲೆ ಕೂರಿಸಿದೆವು. ಬೋಲ್ಟ್ ಎರಡನ್ನೂ ಕೈಯಲ್ಲಿ ಪೂರ್ತಿ ತಿರುಗಿಸಿ, ಕೊನೆಗೆ ಸ್ಪ್ಯಾನರ್. ಮೈನಸ್ ಕೊನೆಯಲ್ಲಿ.

ಕೀ ತಿರುಗಿಸಿದೆ. ಚುರುಕಾಗಿ ಎರಡು ಸುತ್ತು, ಸ್ಟಾರ್ಟ್. ಆಫ್ ಮಾಡಿ, ಮೈನಸ್ ಕಂಬಕ್ಕೂ ಸೆಲ್ಫಿನ ಮೈಗೂ ಮೀಟರ್ ಇಟ್ಟು ತಮ್ಮನ ಕೈಯಲ್ಲಿ ಇನ್ನೊಮ್ಮೆ ಹೊಡೆಸಿದೆ. 0.12. ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಅಂಟಿಸಿದೆ.

ಭಾಯಿಗೆ ಫೋನ್ ಮಾಡಿ, ಫೋನನ್ನು ಬಾನೆಟ್ ಹತ್ತಿರ ಹಿಡಿದು ಮತ್ತೊಮ್ಮೆ ಸ್ಟಾರ್ಟ್ ಮಾಡಿದೆ. ಅವರು ಕೇಳಿಸಿಕೊಂಡರು. "ಹಾಂ, ಈಗ ಸರಿ ಇದೆ ಅಕ್ಕ. ಹಳೇದನ್ನ ಬಿಸಾಕ್ಬೇಡಿ, ಪೇಟೆಗೆ ಬಂದಾಗ ತಂದುಕೊಡಿ. ಅದರ ಸ್ವಿಚ್ ಇನ್ನೂ ಹೊಸದು, ಬೇರೆ ಯಾರಿಗಾದ್ರೂ ಆಗುತ್ತೆ."

ಸೋಮವಾರ ಬೆಳಿಗ್ಗೆ ಹಳೇ ಸೆಲ್ಫನ್ನು ಗೋಣಿಚೀಲದಲ್ಲಿ ಸುತ್ತಿ ಹಿಂದಿನ ಸೀಟಿನ ಕೆಳಗೆ ಇಟ್ಟುಕೊಂಡು ಹೊರಟೆ.